ಬೀಸುಕಲ್ಲಿನ ಪದಕ್ಕೆ ಪಿಯಾನೋ ಸಾಥ್

ಬೆಳಗಾವಿಯಿಂದ ಖಾನಾಪುರದ ರಸ್ತೆ ಹಿಡಿದು ಹೊರಟವರಿಗೆ ಉದ್ಯಮಬಾಗ ಎದುರಾಗುತ್ತದೆ. ಎರಕದ ಕಾರಖಾನೆಗಳು, ಲೇತುಗಳು, ಕಬ್ಬಿಣ ಕೊರೆಯುವ ಯಂತ್ರಗಳು. ಅಲ್ಲಿ ದುಡಿಯಲು ಸುತ್ತಲಿನ ಹಳ್ಳಿಗಳಿಂದ ಬರುವವರ ಅಜ್ಜಿ ಮುತ್ತಜ್ಜಿಯರು ನಸುಕಿನಲ್ಲೆದ್ದು, ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದವರು. ಕನ್ನಡದ ಮನೆಯಲ್ಲಿ ತ್ರಿಪದಿ, ಮರಾಠಿಯ ಮನೆಯಲ್ಲಿ ಓವಿ. ಕಲ್ಲು ತಿರುಗುವ ಲಯ ಮಾತ್ರ ಒಂದೇ. ಹಿಟ್ಟಿನ ಗಿರಣಿ ಬಂದು ಹೆಣ್ಣುಮಕ್ಕಳ ರಟ್ಟೆಗೆ ವಿಶ್ರಾಂತಿ ಕೊಟ್ಟಿತು. ಅದಕ್ಕಾಗಿ ಯಾರೂ ಕೊರಗಬೇಕಾಗಿಲ್ಲ. ಆದರೆ ಹಾಡಿಗೆ ಮೀಸಲಾಗಿದ್ದ ಹೊತ್ತು ಹೊರಟುಹೋಯಿತು. ಕೆಲಸ ತಪ್ಪಿದ ಹಾಡು ಇನ್ನು ಎಲ್ಲಿಗೆ ಹೋಗಬೇಕು? ಪಟ್ಟಣದ ಸಂಗೀತ ಸಭೆಗೆ ಬರುವುದಾದರೆ ಯಾವ ಉಡುಪಿನಲ್ಲಿ ಬರಬೇಕು?

ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದವರು ಯುರೋಪಿನ ನಡುಭಾಗದ ಝೆಕ್ ಮತ್ತು ಸ್ಲೋವಾಕ್ ಜನ. ಅವರ ನಾಡು ಆಗ ಆಸ್ಟ್ರಿಯದ ಅರಸೊತ್ತಿಗೆಯಲ್ಲಿತ್ತು. ಪಟ್ಟಣದ ದೊಡ್ಡ ಮನೆಗಳಲ್ಲಿ ಜರ್ಮನ್ ಭಾಷೆಯ ದರ್ಬಾರು. ಊರ ಭಾಷೆ ಉಳಿದದ್ದು ಬಹುಮಟ್ಟಿಗೆ ಹಳ್ಳಿಯವರ ನಾಲಿಗೆಯ ಮೇಲೆ. ಮೊರಾವಿಯಾ ಪ್ರಾಂತದ ಫ್ರಾಂಟಿಶೆಕ್ ಸುಶಿಲ್ ಎಂಬ ಪಾದ್ರಿ ಹಳ್ಳಿ ಹಳ್ಳಿ ತಿರುಗಿ ಎರಡು ಸಾವಿರಕ್ಕೂ ಮಿಕ್ಕ ಹಾಡುಗಳನ್ನು ಕೂಡಿಸಿದನು. ಅವನ ದೊಡ್ಡ ಸಂಗ್ರಹ 1860ರ ಹೊತ್ತಿಗೆ ಪೂರ್ತಿಯಾಯಿತು. ಮುಖ್ಯ ಮಾತೆಂದರೆ, ಅವನು ಪದಗಳನ್ನಷ್ಟೇ ಬರೆದುಕೊಳ್ಳಲಿಲ್ಲ. ಧಾಟಿಯನ್ನೂ ಸ್ವರಲಿಪಿಯಲ್ಲಿ ಇಳಿಸಿದನು. ಇದನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಆ ಪುಸ್ತಕ ಪ್ರಾಗ್ ಪಟ್ಟಣದ ನೆಫ್ ಎಂಬ ವರ್ತಕನ ಮನೆಯಲ್ಲಿತ್ತು. ಅಲ್ಲಿ ಪಿಯಾನೋ ಪಾಠ ಹೇಳಲು ಬರುತ್ತಿದ್ದ ಬಡ ಮೇಷ್ಟ್ರೇ ಆಂಟೊನಿನ್ ಡ್ವೊರ್ಝಾಕ್. ಈ ಹಾಡುಗಳಿಗೆ ಎರಡನೆಯ ಕಂಠವನ್ನೂ ಪಿಯಾನೋ ಸಾಥನ್ನೂ ಕೂಡಿಸಿಕೊಡಿರೆಂದು ಮನೆಯವರು ಕೇಳಿಕೊಂಡರು. ಮೇಷ್ಟ್ರು ಒಪ್ಪಲಿಲ್ಲ. ಹಳ್ಳಿಯ ಪದಗಳನ್ನು ಇಟ್ಟುಕೊಂಡು ಧಾಟಿಯನ್ನು ಬಿಟ್ಟು, ತಾನೇ ಹೊಸ ಧಾಟಿ ಕಟ್ಟಿಕೊಟ್ಟನು. ನೆಫ್ ದಂಪತಿಗಳು 1876ರಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ ‘ಮೊರಾವಿಯಾದ ಯುಗಳಗೀತೆಗಳು’ ಹೀಗೆ ಹುಟ್ಟಿದವು. ಅವನ್ನು ನೋಡಿ ಮೆಚ್ಚಿದ ಬ್ರಾಮ್ಸ್ 1877ರಲ್ಲಿ ತನ್ನ ಪ್ರಕಾಶಕ ಸಿಮ್ರಾಕನಿಗೆ ಶಿಫಾರಸು ಮಾಡಿದನು. ಹೊರನಾಡಿನಲ್ಲಿ ಡ್ವೊರ್ಝಾಕನ ಹೆಸರು ಬೆಳಗಲು ಹಳ್ಳಿಯವರ ಪದಗಳೇ ಹೀಗೆ ಕಾರಣವಾದವು.

ಲೆಯೋಶ್ ಯಾನಾಚೆಕ್‌ನ ದಾರಿ ಬೇರೆ. ಅವನು ಸ್ವತಃ ಹಳ್ಳಿಗೆ ಹೋಗಿ ಕುಳಿತು ಕೇಳಿದವನು. ಹಾಡನ್ನಷ್ಟೇ ಅಲ್ಲ, ಸಂತೆಯಲ್ಲಿ, ಬೀದಿಯಲ್ಲಿ ಜನ ಆಡುವ ಮಾತಿನ ಏರಿಳಿತವನ್ನು ಕೂಡ ಸ್ವರದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದನು. 1892ರಿಂದ 1901ರವರೆಗೆ ಅವನು ಕಂಠಕ್ಕೂ ಪಿಯಾನೋಕ್ಕೂ ಅಳವಡಿಸಿದ 53 ಮೊರಾವಿಯನ್ ಹಾಡುಗಳಲ್ಲಿ ಹಳ್ಳಿಯ ಧಾಟಿ ಮುಕ್ಕಾಗಿಲ್ಲ. ಪಿಯಾನೋ ಅಲ್ಲಿ ಯಜಮಾನಿಕೆ ಮಾಡುವುದಿಲ್ಲ. ಎಷ್ಟೋ ಕಡೆ ಅದು ಹಳ್ಳಿಯ ಸಿಂಬಾಲೊಂ ವಾದ್ಯದಂತೆ—ಅದು ನಮ್ಮ ಸಂತೂರದ ಬಳಗದ್ದು—ಝಲ್ಲೆಂದು ನುಡಿದು ಹಾಡುವವಳಿಗೆ ದಾರಿ ಬಿಡುತ್ತದೆ. ಹಂಗೇರಿಯ ಬಾರ್ಟೋಕ್ 1924ರಲ್ಲಿ ಸ್ಲೋವಾಕ್ ಹೆಂಗಸರ ಐದು ಹಾಡುಗಳನ್ನು ‘ಹಳ್ಳಿಯ ದೃಶ್ಯಗಳು’ ಎಂದು ಕಟ್ಟಿದಾಗ ಧಾಟಿ ಹಳ್ಳಿಯದೇ. ಪಿಯಾನೋ ಮಾತ್ರ ಕಟುವಾಗಿ, ಎದುರುತ್ತರ ಕೊಟ್ಟಂತೆ ನುಡಿಯುತ್ತದೆ. ಮೊದಲ ಸಲ ಕೇಳಿದವರಿಗೆ ಕಿವಿ ಚುರ್ರೆನ್ನಬಹುದು. ಎರಡನೆಯ ಸಲ ಕೇಳಿರಿ ಎಂದಷ್ಟೇ ಹೇಳಬಲ್ಲೆ.

ಇನ್ನು ನಮ್ಮ ಕಡೆಗೆ ಬರೋಣ. ಹಲಸಂಗಿಯ ಗೆಳೆಯರು ಕೂಡಿಸಿದ ‘ಗರತಿಯ ಹಾಡು’ 1931ರಲ್ಲಿ ಹೊರಬಂದಾಗ ಕನ್ನಡದ ಕವಿಗಳಿಗೆ ಹೊಸದೊಂದು ಬುಗ್ಗೆ ಸಿಕ್ಕಂತಾಯಿತು. ನಮ್ಮ ಗೋಕಾಕ ತಾಲೂಕಿನ ಬೆಟಗೇರಿಯ ಕೃಷ್ಣಶರ್ಮರು, ಅಂದರೆ ಆನಂದಕಂದರು, ಹಳ್ಳಿಯ ನುಡಿಗಟ್ಟನ್ನೇ ಹಿಡಿದು ‘ನಲ್ವಾಡುಗಳು’ ಬರೆದರು. ಬೇಂದ್ರೆಯವರ ಮಾತಂತೂ ಹೇಳುವುದೇ ಬೇಡ. ಆದರೆ ನಮ್ಮ ಬಹುಪಾಲು ಸಂಗ್ರಹಗಳಲ್ಲಿ ಅಚ್ಚಾದದ್ದು ಪದ; ಧಾಟಿ ಅಚ್ಚಾಗಲಿಲ್ಲ. ಸುಶಿಲ್ ಪಾದ್ರಿ ಮಾಡಿದ ಅರ್ಧ ಕೆಲಸ ಇಲ್ಲಿ ಉಳಿದುಬಿಟ್ಟಿತು. ತ್ರಿಪದಿ ಪುಸ್ತಕದಲ್ಲಿ ಮೂರು ಸಾಲು. ಹಾಡುವವಳು ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಎತ್ತಿಕೊಂಡು ಮೂರನೆಯದಕ್ಕೆ ಇಳಿಯುತ್ತಾಳೆ. ಕೇಳುವ ಕಿವಿಗೆ ಅದು ನಾಲ್ಕು ಸಾಲು. ಆ ಮರಳಿ ಎತ್ತಿಕೊಳ್ಳುವುದರಲ್ಲಿಯೇ ಕಲ್ಲಿನ ಒಂದು ಸುತ್ತು ಇದೆ, ಉಸಿರು ಇದೆ. ಅಚ್ಚಿನ ಪುಟದಲ್ಲಿ ಅದು ಕಾಣದು. ಆದ್ದರಿಂದ ನಮ್ಮ ಸಂಗೀತ ಸಂಯೋಜಕನು ಇಂಥ ಪದವನ್ನು ಪುಸ್ತಕದಿಂದ ಎತ್ತಿಕೊಂಡಾಗ ಬೇಕಿರಲಿ ಬೇಡವಿರಲಿ ಡ್ವೊರ್ಝಾಕನ ದಾರಿಯನ್ನೇ ತುಳಿಯಬೇಕಾಗುತ್ತದೆ. ವ್ಯತ್ಯಾಸವಿಷ್ಟೆ: ಡ್ವೊರ್ಝಾಕನ ಮುಂದೆ ಹಳೆಯ ಧಾಟಿ ಇತ್ತು, ಅವನು ನೋಡಿ ಬಿಟ್ಟನು. ನಮ್ಮವನ ಮುಂದೆ ಬಿಡುವುದಕ್ಕೂ ಏನಿಲ್ಲ.

ಸಾಥಿನ ತೊಡಕು ಇನ್ನೊಂದು. ಪಿಯಾನೋದ ಸ್ಥಾನದಲ್ಲಿ ನಮ್ಮಲ್ಲಿ ಕುಳಿತದ್ದು ಪೇಟಿ, ಹಾರ್ಮೋನಿಯಂ. ಅದೂ ಯುರೋಪಿನಿಂದ ಬಂದದ್ದೇ. ಅದರ ಸ್ವರಗಳು ಮೊದಲೇ ಗೊತ್ತುಮಾಡಿ ಇಟ್ಟವು. ಕಂಠ ಜಾರುವಲ್ಲಿ ಅವು ಜಾರಲಾರವು. ಈ ಆಕ್ಷೇಪಣೆಯಿಂದಲೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. 1971ರವರೆಗೆ ಬಾಗಿಲು ತೆರೆಯಲಿಲ್ಲ. ಬೆಳಗಾವಿಯಲ್ಲಿ ಕುಳಿತು ಈ ಮಾತನ್ನು ಹೇಳಲು ತುಸು ಸಂಕೋಚವಾಗುತ್ತದೆ. ಇದು ರಾಮಭಾವು ವಿಜಾಪುರೆಯವರ ಊರು. ಅದೇ ಪೇಟಿಯಿಂದ ಹಾಡುವ ಕಂಠವನ್ನು ಹೊರತೆಗೆದು, ಅನೇಕ ಶಿಷ್ಯರನ್ನು ತಯಾರು ಮಾಡಿ ಅವರು 2010ರಲ್ಲಿ ತೀರಿಕೊಂಡರು. ದೋಷ ವಾದ್ಯದ್ದೋ ಬೆರಳಿನದೋ ಎಂಬ ವಾದ ಹಾಗೆಯೇ ಇರಲಿ.

ಸಾಥಿನ ಮೇಳವನ್ನೇ ಮೊದಲು ಮಾಡಿಕೊಳ್ಳದೆ, ಧಾಟಿಯ ಒಳಗೇ ಇಳಿದವರು ಇದೇ ಮಣ್ಣಿನವರು. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ, ಲೋಕಕ್ಕೆ ಕುಮಾರ ಗಂಧರ್ವ. ಕ್ಷಯರೋಗದಿಂದಾಗಿ 1948ರಲ್ಲಿ ಮಾಳವದ ದೇವಾಸ್‌ಗೆ ಹೋದರು. ಹಾಡಕೂಡದೆಂದು ವೈದ್ಯರ ಕಟ್ಟಪ್ಪಣೆ. ವರ್ಷಗಟ್ಟಲೆ ಹಾಸಿಗೆಯಲ್ಲಿದ್ದ ಆ ಗಾಯಕನ ಕಿವಿಗೆ ಬಿದ್ದದ್ದು ಮಾಳವದ ಹೆಂಗಸರ ಪದಗಳು. ನಾಲ್ಕೈದು ಸ್ವರಗಳಲ್ಲಿ ಮುಗಿಯುವ ಆ ಧಾಟಿಗಳಲ್ಲಿ ರಾಗದ ಬೀಜವಿದೆಯೆಂದು ಅವರಿಗೆ ಹೊಳೆಯಿತು. ಗುಣವಾದ ಮೇಲೆ ಆ ಬೀಜಗಳನ್ನು ಬೆಳೆಸಿ ಮಾಲವತಿ, ಸಂಜಾರಿ, ಸಹೇಲಿ ತೋಡಿ ಮುಂತಾದ ರಾಗಗಳನ್ನು ಕಟ್ಟಿದರು. 1965ರ ‘ಅನೂಪರಾಗವಿಲಾಸ’ ಗ್ರಂಥದಲ್ಲಿ ಸ್ವರಲಿಪಿಯೊಡನೆ ಅಚ್ಚು ಹಾಕಿಸಿದರು. ಯಾನಾಚೆಕ್ ಸಂತೆಯಲ್ಲಿ ಕೇಳಿದ್ದನ್ನು ಇವರು ಹಾಸಿಗೆಯಲ್ಲಿ ಕೇಳಿದರು. ನನ್ನ ತೂಕದಲ್ಲಿ ಇಬ್ಬರೂ ಒಂದೇ ತಟ್ಟೆಯವರು. ಆದರೂ ಮನಸ್ಸಿಗೆ ಚುಚ್ಚುವ ಮಾತೊಂದುಂಟು. ಸುಳೇಭಾವಿಯ ಮಗ ಮಾಳವದ ಧಾಟಿಗೆ ರಾಗದ ಪಟ್ಟ ಕಟ್ಟಿದನು. ಸುಳೇಭಾವಿಯ, ಖಾನಾಪುರದ ಬೀಸುವ ಪದಗಳಿಗೆ ಅಂಥ ಕಿವಿ ಇನ್ನೂ ಸಿಗಬೇಕಾಗಿದೆ.

ಬರೆದಿಟ್ಟ ಧಾಟಿ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇನ್ನೊಂದೇ ಉದಾಹರಣೆ. ಬೊಹುಸ್ಲಾವ್ ಮಾರ್ಟಿನು 1941ರಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ಅಮೇರಿಕೆ ಸೇರಿದನು. ಸ್ವದೇಶ ಶತ್ರುಗಳ ಕೈಯಲ್ಲಿ. 1943ರಲ್ಲಿ ಸುಶಿಲ್‌ನ ಪುಸ್ತಕದ ಪದಗಳಿಗೆ ಪಿಯಾನೋ ಸಹಿತ ಹೊಸ ಹಾಡು ಕಟ್ಟಿ, ‘ಒಂದು ಪುಟದ ಹಾಡುಗಳು’ ಎಂದು ಕರೆದನು. ಹೊಸ ಧಾಟಿಯಾದರೂ ಹಳೆಯದರ ನಡಿಗೆ ಅವನ ಕಿವಿಯಲ್ಲಿತ್ತು.

ಮನೆಯಲ್ಲಿ, ಊರಿನಲ್ಲಿ ಪದ ಹೇಳಬಲ್ಲ ಹಿರಿಯ ಹೆಣ್ಣುಮಗಳು ಇನ್ನೂ ಇದ್ದರೆ ಇಂದು ಸ್ವರಲಿಪಿ ಬರಬೇಕೆಂದಿಲ್ಲ. ಕಿಸೆಯಲ್ಲಿರುವ ಫೋನೇ ಧ್ವನಿ ಹಿಡಿಯುತ್ತದೆ. ಪೇಟಿ, ತಬಲಾ ಬೇಡ. ಬರಿ ಕಂಠ ಸಾಕು. ಸಾಧ್ಯವಾದರೆ ಅಟ್ಟದ ಮೇಲಿನ ಕಲ್ಲನ್ನು ಇಳಿಸಿ, ಒಂದು ಹಿಡಿ ಜೋಳ ಹಾಕಿ ಬೀಸುತ್ತಲೇ ಹಾಡಲು ಹೇಳಿರಿ. ಊರ ಹೆಸರನ್ನೂ ಯಾವ ಕೆಲಸದ ಹಾಡೆಂಬುದನ್ನೂ ಬರೆದಿಡಿರಿ. ಅವಳು ಯಾವ ಮಾತನ್ನು ಎರಡು ಸಲ ಹಾಡಿದಳೆಂಬುದನ್ನು ಮಾತ್ರ ಬಿಡಬೇಡಿರಿ.