ಬಾಗಿಸುವ ಜ್ವರ: ಚಿಕುನ್‌ಗುನ್ಯಾ ಕೀಲುಗಳನ್ನು ಹಿಡಿಯುವ ಬಗೆ



ಚಿಕುನ್‌ಗುನ್ಯಾ ಎಂಬ ಹೆಸರಿಗೂ ಕೋಳಿಮಾಂಸಕ್ಕೂ ಯಾವ ಸಂಬಂಧವೂ ಇಲ್ಲ. 1952ರಲ್ಲಿ ಇಂದಿನ ತಾಂಜಾನಿಯಾ ದೇಶದ ದಕ್ಷಿಣಕ್ಕಿರುವ ಮಕೊಂಡೆ ಪ್ರಸ್ಥಭೂಮಿಯಲ್ಲಿ ಈ ಜ್ವರ ಮೊದಲ ಬಾರಿಗೆ ಗುರುತಿಸಲ್ಪಟ್ಟಿತು. ಅಲ್ಲಿನ ಜನರ ಭಾಷೆಯಲ್ಲಿ ಈ ಪದಕ್ಕೆ 'ಬಾಗಿಸುವಂಥದು' ಎಂಬ ಅರ್ಥವಿದೆ. ನೆಟ್ಟಗೆ ನಿಲ್ಲಲಾರದ ರೋಗಿಯನ್ನು ಕಣ್ಣಾರೆ ಕಂಡವರು ಇಟ್ಟ ಹೆಸರು ಅದು.

ಭಾರತದಲ್ಲಿ 1963ರಲ್ಲಿ ಕಲ್ಕತ್ತೆಯಲ್ಲಿ ಕಾಣಿಸಿಕೊಂಡ ರೋಗ 1973ರ ಅನಂತರ ಮೂರು ದಶಕಗಳ ಕಾಲ ಬಹುಮಟ್ಟಿಗೆ ಮರೆಯಾಗಿತ್ತು. ಮರಳಿ ಬಂದಾಗ, 2006ರ ಒಂದೇ ವರ್ಷದಲ್ಲಿ ದೇಶದಾದ್ಯಂತ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳು ದಾಖಲಾದವು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದವು.

ಗುಡ್ಡಗಾಡಿನವರು ವಿಶೇಷವಾಗಿ ಗಮನಿಸಬೇಕಾದುದು ಅನಂತರದ ಸಂಗತಿ. 2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಜನಸಂಖ್ಯೆಯ ಮೂರನೆಯ ಒಂದು ಭಾಗವನ್ನೇ ಈ ಜ್ವರ ಹಿಡಿಯಿತು. ಅಲ್ಲಿ ವೈರಾಣುವಿನ ಹೊರಕವಚದ ಪ್ರೋಟೀನೊಂದರ 226ನೇ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಅಷ್ಟರಿಂದಲೇ ಅದು ಪಟ್ಟೆಪಟ್ಟೆಯ ಹುಲಿಸೊಳ್ಳೆಯ ದೇಹದಲ್ಲಿ ಹೆಚ್ಚು ಸುಲಭವಾಗಿ ಬೆಳೆಯತೊಡಗಿತು. ಪೇಟೆಯ ಈಡಿಸ್ ಸೊಳ್ಳೆ ಮನೆಯೊಳಗಿನದು. ಹುಲಿಸೊಳ್ಳೆಯಾದರೋ ತೋಟದ್ದು, ಕಾಡಂಚಿನದು. 2007ರಲ್ಲಿ ಕೇರಳದಲ್ಲಿಯೂ ಇದೇ ಮಾರ್ಪಾಟು ಪತ್ತೆಯಾಯಿತು. ರಬ್ಬರ್ ಹಾಲಿನ ಚಿಪ್ಪು, ಬಿದ್ದ ಅಡಿಕೆ ಹಾಳೆ, ಮರದ ಪೊಟರೆ - ಮಳೆನೀರು ನಿಂತರೆ ಇವೆಲ್ಲವೂ ಅದಕ್ಕೆ ತೊಟ್ಟಿಲು. (ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಬೇರೆಯೇ ವೈರಾಣುವಿನದು, ಎರಡನ್ನೂ ಬೆರೆಸಬಾರದು.)

ಇನ್ನು ಕೀಲಿನ ವಿಚಾರ. ಸೊಳ್ಳೆ ಕಚ್ಚಿದ ಕೆಲವೇ ದಿನಗಳಲ್ಲಿ ವೈರಾಣು ಚರ್ಮದಿಂದ ರಕ್ತಕ್ಕೆ, ರಕ್ತದಿಂದ ಸ್ನಾಯು ಮತ್ತು ಕೀಲುಗಳಿಗೆ ಸಾಗುತ್ತದೆ. ಅದು ಜೀವಕೋಶದೊಳಗೆ ಪ್ರವೇಶಿಸಲು ಬಳಸುವ ಒಂದು ಬಾಗಿಲನ್ನು 2018ರಲ್ಲಿ ಗುರುತಿಸಲಾಯಿತು. ಎಂಎಕ್ಸ್‌ಆರ್‌ಎ8 ಎಂಬ ಆ ಪ್ರೋಟೀನು ಮೃದ್ವಸ್ಥಿ, ಸ್ನಾಯು ಮುಂತಾದವುಗಳ ಕೋಶಗಳ ಮೇಲಿರುತ್ತದೆ. ಕೀಲಿನ ಒಳಪೊರೆಯಲ್ಲಿ ವೈರಾಣು ಬೆಳೆದೊಡನೆ ಬಿಳಿರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಅವು ಸುರಿಸುವ ಉರಿಯೂತಕಾರಕ ದ್ರವ್ಯಗಳಿಂದ ಕೀಲು ಊದುತ್ತದೆ, ನೋಯುತ್ತದೆ. ಮೂಳೆಯನ್ನು ಕರಗಿಸುವ ಕೋಶಗಳೂ ಚುರುಕಾಗಬಲ್ಲವು. ಹೀಗಾಗಿ ವೈರಾಣು ಹಚ್ಚಿದ ಬೆಂಕಿಯನ್ನು ಶರೀರವೇ ಉರಿಸುತ್ತಿರುತ್ತದೆ.

ಅನೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಗಣನೀಯ ಸಂಖ್ಯೆಯವರಿಗೆ, ವಿಶೇಷವಾಗಿ ವಯಸ್ಸಾದವರಿಗೆ, ನೋವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಬೆಳಗ್ಗೆ ಮುಷ್ಟಿ ಕಟ್ಟಲಾಗದವನು ಕತ್ತಿ ಹಿಡಿಯುವುದೆಂತು? ರಿಯೂನಿಯನ್ನಿನ ಒಬ್ಬ ರೋಗಿಯ ಕೀಲಿನಲ್ಲಿ ಹದಿನೆಂಟು ತಿಂಗಳ ಅನಂತರವೂ ವೈರಾಣುವಿನ ಕುರುಹು ದೊರೆತಿತ್ತು; ಕೊಲಂಬಿಯಾದ ರೋಗಿಗಳ ಕೀಲುದ್ರವದಲ್ಲಿ ಅದು ದೊರೆಯಲೇ ಇಲ್ಲ. ಈ ವಾದ ಕೇವಲ ಪಂಡಿತರದಲ್ಲ. ವೈರಾಣು ಉಳಿದಿದ್ದರೆ ಅದನ್ನು ಕೊಲ್ಲಬೇಕು. ಉಳಿದಿಲ್ಲವಾದರೆ ಉರಿಯೂತವನ್ನು ತಣಿಸಬೇಕು.

ವೈರಾಣುವನ್ನೇ ಕೊಲ್ಲುವ, ಮಾನ್ಯತೆ ಪಡೆದ ಔಷಧಿ ಇಲ್ಲ. ಮೊದಲ ದಿನಗಳಲ್ಲಿ ವಿಶ್ರಾಂತಿ, ನೀರು, ಪ್ಯಾರಾಸಿಟಮಾಲ್ ಸಾಕು. ಡೆಂಗ್ಯೂ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್‌ಗಳು ರಕ್ತಸ್ರಾವದ ಭಯದಿಂದ ವರ್ಜ್ಯ. ಕ್ಲೋರೋಕ್ವಿನ್ ಬಗ್ಗೆ ಬಹಳ ಆಸೆಯಿತ್ತು. 2006ರಲ್ಲಿ ರಿಯೂನಿಯನ್ನಿನಲ್ಲಿ ನಡೆದ ಪರೀಕ್ಷೆಯಲ್ಲಿ ಅದು ಪ್ರಯೋಜನಕ್ಕೆ ಬರಲಿಲ್ಲ. ನೋವು ಮೂರು ತಿಂಗಳು ದಾಟಿ ಕೀಲು ಊದಿಯೇ ಇದ್ದರೆ ವೈದ್ಯರು ಸಂಧಿವಾತದ ಔಷಧಿಗಳನ್ನು, ಉದಾಹರಣೆಗೆ ಮೆಥೊಟ್ರೆಕ್ಸೇಟನ್ನು, ಕೊಡುವುದುಂಟು. ಇದು ವಾರಕ್ಕೊಮ್ಮೆ ಸೇವಿಸುವ ಮಾತ್ರೆ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ, ಗರ್ಭಿಣಿಯರಿಗೆ ನಿಷಿದ್ಧ. ಮರುದಿನವೇ ಎದ್ದು ಓಡಾಡುವಂತೆ ಮಾಡುವ ಸ್ಟಿರಾಯ್ಡ್ ಚುಚ್ಚುಮದ್ದನ್ನು ಸಿಕ್ಕಸಿಕ್ಕವರಿಂದ ಹಾಕಿಸಿಕೊಳ್ಳುವ ರೂಢಿ ಶುದ್ಧ ಅವಿವೇಕ.

ಲಸಿಕೆಯ ಕಥೆ ಏರಿಳಿತದ್ದು. ಅಮೆರಿಕದಲ್ಲಿ 2023ರ ನವೆಂಬರಿನಲ್ಲಿ ಮೊದಲ ಲಸಿಕೆಗೆ ಅನುಮತಿ ದೊರೆಯಿತು. ದುರ್ಬಲಗೊಳಿಸಿದ ಜೀವಂತ ವೈರಾಣುವಿನಿಂದ ಮಾಡಿದ ಅದು ಕೆಲವು ವೃದ್ಧರಲ್ಲಿ ಗಂಭೀರ ದುಷ್ಪರಿಣಾಮ ತೋರಿತೆಂದು 2025ರ ಆಗಸ್ಟಿನಲ್ಲಿ ಆ ಅನುಮತಿ ಅಮಾನತಾಯಿತು. 2025ರ ಫೆಬ್ರವರಿಯಲ್ಲಿ ಅನುಮತಿ ಪಡೆದ ಎರಡನೆಯದರಲ್ಲಿ ವೈರಾಣುವಿನ ಖಾಲಿ ಕವಚವಷ್ಟೇ ಇದೆ.

ಒಮ್ಮೆ ಜ್ವರ ಬಂದವರಿಗೆ ದೀರ್ಘಕಾಲದ ರಕ್ಷಣೆ ದೊರೆಯುತ್ತದೆ. 2006ರ ಅನಂತರ ಹುಟ್ಟಿದ ಈ ವಿದ್ಯಾರ್ಥಿಗಳು ಆ ಸುತ್ತನ್ನು ಕಂಡವರಲ್ಲ. ಈಡಿಸ್ ಸೊಳ್ಳೆಗಳು ಕಚ್ಚುವುದು ಹಗಲಿನಲ್ಲಿ. ಅವುಗಳ ಮೊಟ್ಟೆ ನೀರಂಚಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ಡ್ರಮ್ಮಿನ ನೀರು ಚೆಲ್ಲಿದ ಮೇಲೆ ಅದರ ಒಳಮೈಯನ್ನು ತೆಂಗಿನ ನಾರಿನಿಂದ ಉಜ್ಜಬೇಕು, ವಾರಕ್ಕೊಮ್ಮೆ. ಹಾಳೆ, ಚಿಪ್ಪುಗಳನ್ನು ಮಗುಚಿ ಹಾಕಬೇಕು.