ಸಭೆಯ ಮಾತು: ಅದರ ಗುರಿಗಳು



ನಾಲ್ಕು ಜನ ಕೂಡಿದೆಡೆಯಲ್ಲಿ ಒಬ್ಬನು ಎದ್ದುನಿಂತು ಮಾತನಾಡತೊಡಗಿದನೆಂದರೆ, ಉಳಿದವರು ತಮ್ಮ ಕಾಲವನ್ನು ಅವನ ಕೈಗೆ ಒಪ್ಪಿಸಿದಂತಾಯಿತು. ಒಪ್ಪಿಸಿಕೊಂಡ ಪದಾರ್ಥಕ್ಕೆ ಲೆಕ್ಕ ಹೇಳಬೇಕಾದುದು ಧರ್ಮ. ಆದುದರಿಂದ ಭಾಷಣಕಾರನು ಏನನ್ನು ಹೇಳಲಿ ಎಂದು ಯೋಚಿಸುವುದಕ್ಕೆ ಮೊದಲು, ಏತಕ್ಕಾಗಿ ಹೇಳಲಿ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ತಿಳಿಸುವುದು, ಮನವೊಲಿಸುವುದು, ಸ್ಮರಿಸುವುದು, ರಂಜಿಸುವುದು: ಸಭೆಯ ಮಾತಿಗೆ ಮುಖ್ಯವಾಗಿ ಈ ನಾಲ್ಕು ಗುರಿಗಳುಂಟು.

ಇವುಗಳ ಭೇದವನ್ನು ಶಾಸ್ತ್ರದ ಮೂಲಕ ವಿವರಿಸುವುದಕ್ಕಿಂತ ಒಂದು ಊರಿನ ನಿದರ್ಶನದಿಂದ ತೋರಿಸುವುದು ಸುಲಭ. ಹಿಂದೆ ಸುರಪುರ ತಾಲ್ಲೂಕಿಗೆ ಸೇರಿದ್ದು, ಈಗ ಯಾದಗಿರಿ ಜಿಲ್ಲೆಯಲ್ಲಿ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿರುವ ಹುಣಸಗಿಯನ್ನು ತೆಗೆದುಕೊಳ್ಳೋಣ. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆ ಆ ಸೀಮೆಗೆ ನೀರನ್ನು ತಂದಿದೆ. ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಇಂದು ನೆಲ್ಲಿನ ಗದ್ದೆಗಳಾಗಿವೆ. ಆದರೆ ಕಾಲುವೆಯ ಮೊದಲಿನವರಿಗೆ ಸಿಕ್ಕಷ್ಟು ನೀರು ಕೊನೆಯವರಿಗೆ ಸಿಕ್ಕುವುದಿಲ್ಲ. ನೀರು ಸಾಲದಾದಾಗ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ವಾರಬಂದಿಯ ಕ್ರಮವುಂಟು.

ಈ ನೀರಿನ ವಿಚಾರವಾಗಿಯೇ ಒಂದು ಸಭೆ ಕೂಡಿದೆಯೆಂದು ಭಾವಿಸಿರಿ. ಕೊನೆಯ ಹೊಲದ ರೈತನು ಅಲ್ಲಿಗೆ ಬಂದಿರುವುದು ಒಂದೇ ಸಂಗತಿಯನ್ನು ತಿಳಿಯಲು: ನೀರು ಎಂದು ಬರುವುದು, ಎಷ್ಟು ದಿನ ನಿಲ್ಲುವುದು? ಇವನಿಗೆ ಹೇಳುವ ಮಾತಿನ ಗುರಿ ತಿಳಿಸುವುದು. ಇಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. ದಿನಾಂಕವನ್ನು ಮೊದಲು ಹೇಳಬೇಕು. ಮುಗಿಸುವಾಗ ಮತ್ತೊಮ್ಮೆ ಹೇಳಬೇಕು. ಅವನು ಮನೆಗೆ ಹೋಗಿ ಅದನ್ನು ತಪ್ಪಿಲ್ಲದೆ ಮನೆಯವರಿಗೆ ತಿಳಿಸಿದನಾದರೆ ಭಾಷಣವು ಗೆದ್ದಿತು. ಸ್ವಾಗತ, ಮಾಲಾರ್ಪಣೆ, ಪರಸ್ಪರ ಪ್ರಶಂಸೆಗಳಲ್ಲೇ ಹೊತ್ತು ಕಳೆದು, ದಿನಾಂಕವು ವಂದನಾರ್ಪಣೆಯ ಗದ್ದಲದಲ್ಲಿ ಮುಳುಗಿಹೋದರೆ, ಅವನ ಬೆಳೆಯ ಹಾನಿಯಲ್ಲಿ ಭಾಷಣಕಾರನಿಗೂ ಒಂದು ಪಾಲುಂಟು.

ಅದೇ ಸಭೆಯಲ್ಲಿ ಕಾಲುವೆಯ ಮೊದಲ ಭಾಗದ ರೈತನೂ ಕುಳಿತಿದ್ದಾನೆ. ಇವನಿಗೆ ದಿನಾಂಕ ಗೊತ್ತು. ನೀರನ್ನು ಹಿತಮಿತವಾಗಿ ಬಳಸೆಂದರೆ ಮಾತ್ರ ಇವನು ಒಪ್ಪಲಾರ. ಇವನೊಡನೆ ಆಡುವ ಮಾತಿನ ಗುರಿ ಮನವೊಲಿಸುವುದು. ಬೈದರೆ ಅವನು ಎದ್ದುಹೋಗುವನು. ಬರಿಯ ಅಂಕಿಗಳನ್ನು ಓದಿದರೆ ತೂಕಡಿಸುವನು. ನೆಲ್ಲಿನಿಂದ ಅವನಿಗೆ ಬಂದಿರುವ ಲಾಭವನ್ನು ಮೊದಲು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಬೇಕು. ಅನಂತರ, ಅತಿಯಾಗಿ ನೀರು ನಿಂತ ನೆಲವು ಸವಳಾಗಿ ಕೆಡುವ ಬಗೆಯನ್ನು ಅವನ ಕಣ್ಣೆದುರಿನ ಹೊಲದಲ್ಲಿಯೇ ತೋರಿಸಬೇಕು. ಕೆಳಗಿನವನ ಹಿತದಲ್ಲಿ ತನ್ನ ಹಿತವೂ ಇದೆಯೆಂದು ಅವನಿಗೇ ತೋರಬೇಕು. ಮನವೊಲಿಸಿದ ಮಾತಿಗೆ ಸಾಕ್ಷಿ ಚಪ್ಪಾಳೆಯಲ್ಲ. ಮರುದಿನ ಅವನು ಮಾಡುವ ಕೆಲಸ.

ಕನ್ನಡಿಗರಿಗೆ ಇಂತಹ ಮಾತಿನ ಬಲ ಅಪರಿಚಿತವಲ್ಲ. 1911ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ವಿಷಯದ ಹೆಸರಿನಲ್ಲಿಯೇ ಗುರಿ ಇತ್ತು: ಕನ್ನಡದ ದುಃಸ್ಥಿತಿಗಾಗಿ ಮರುಗುವುದಲ್ಲ, ಏಳುವ ದಾರಿಯನ್ನು ಹಿಡಿಸುವುದು. ಅವರೇ 1928ರಲ್ಲಿ ನಿಜಾಮರ ರಾಜ್ಯದ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಅದರ ಮರುವರ್ಷ, 1929ರಲ್ಲಿ, ಆ ರಾಜ್ಯದಲ್ಲಿ ಐವತ್ತಮೂರನೆಯ ಗಸ್ತಿಯೆಂಬ ಸುತ್ತೋಲೆ ಹೊರಟಿತು. ಸಾರ್ವಜನಿಕ ಸಭೆಗೆ ಮುಂಚಿತವಾಗಿ ಸರ್ಕಾರದ ಅಪ್ಪಣೆ ಬೇಕೆಂಬುದು ಅದರ ಸಾರ. ಹುಣಸಗಿಯ ಸೀಮೆಯೂ ಅದಕ್ಕೆ ಒಳಪಟ್ಟಿದ್ದಿತು. ಗುರಿಯುಳ್ಳ ಮಾತಿಗೆ ಅಧಿಕಾರವು ಎಷ್ಟು ಅಂಜುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ? 1948ರ ಸೆಪ್ಟೆಂಬರ್ 17ರಂದು ನಿಜಾಮರು ಕದನವಿರಾಮವನ್ನು ಸಾರಿದರು. ಆ ದಿನವನ್ನು ಅಲ್ಲಿನ ಜನ ಪ್ರತಿವರ್ಷವೂ ಆಚರಿಸುತ್ತಾರೆ.

ಇಂತಹ ದಿನದ ಭಾಷಣದ ಗುರಿ ಸ್ಮರಣೆ. 1858ರಲ್ಲಿ ಬ್ರಿಟಿಷರಿಗೆ ಇದಿರಾಗಿ ನಿಂತ ಸುರಪುರದ ರಾಜಾ ವೆಂಕಟಪ್ಪ ನಾಯಕರನ್ನು ನೆನೆಯುವಾಗಲೂ ಹೀಗೆಯೇ. ವಿಶೇಷಣಗಳನ್ನು ಪೇರಿಸಿದರೆ ವೀರನು ಕಾಣನು. ಪೇರಿಸಿದವನು ಮಾತ್ರ ಕಾಣುವನು. ಅವರು ಏನನ್ನು ಕಳೆದುಕೊಂಡು ನಮಗೆ ಏನನ್ನು ಉಳಿಸಿದರು ಎಂಬುದನ್ನು ನೇರವಾಗಿ ಹೇಳಿ, ಕ್ಷಣಕಾಲ ಸುಮ್ಮನಿದ್ದರೆ, ಆ ಮೌನವೂ ಭಾಷಣದ ಭಾಗವೇ ಆಗುತ್ತದೆ.

ರಂಜನೆಯನ್ನು ಹಗುರವೆಂದು ತಿಳಿಯಬಾರದು. ಶ್ರಾವಣಮಾಸದಲ್ಲಿ ಮಠಗಳಲ್ಲಿ ಪುರಾಣ ಹೇಳುವವರನ್ನು ನೋಡಿರಿ. ನಡುವೆ ಒಂದು ಉಪಕಥೆ ಹೇಳಿ ನಗಿಸುತ್ತಾರೆ. ನಕ್ಕು ಹಗುರಾದ ಮನಸ್ಸಿನಲ್ಲಿ ನೀತಿಯನ್ನಿರಿಸುತ್ತಾರೆ. ಅಲ್ಲಿ ನಗೆಯು ದಾರಿ, ನೀತಿಯು ಊರು. ಗುರಿಗಳು ಹೀಗೆ ಕೂಡಿ ನಡೆಯಬಹುದು. ಆದರೆ ಮುಂದೆ ನಡೆಯುವುದು ಒಂದೇ ಇರಬೇಕು.

ಅಪ್ಪಣೆಯಿಲ್ಲದೆ ನಾಲ್ವರು ಸಭೆ ಸೇರಲಾಗದಿದ್ದ ನೆಲದಲ್ಲಿ ಇಂದು ಮಾತಿಗೆ ತಡೆಯಿಲ್ಲ. ಅಷ್ಟು ಕಷ್ಟದಿಂದ ಬಂದುದನ್ನು ಗುರಿಯಿಲ್ಲದೆ ಚೆಲ್ಲಬಾರದು. ಮುಂದಿನ ಬಾರಿ ನೀವು ಸಭೆಗೆ ಹೊರಡುವ ಮುನ್ನ ಒಂದು ಚೀಟಿಯ ಮೇಲೆ ಒಂದೇ ವಾಕ್ಯವನ್ನು ಬರೆದುಕೊಳ್ಳಿರಿ: ನನ್ನ ಮಾತನ್ನು ಕೇಳಿದವನು ಮನೆಗೆ ಏನನ್ನು ಒಯ್ಯಬೇಕು? ಆ ವಾಕ್ಯ ದೊರೆಯದಿದ್ದರೆ, ಅಂದು ಕೇಳುವವರ ಸಾಲಿನಲ್ಲಿ ಕುಳಿತುಕೊಳ್ಳುವುದೇ ಲೇಸು.