ಆಟದ ಯಂತ್ರಕ್ಕೆ ಲೆಕ್ಕದ ಪರೀಕ್ಷೆ

(ಶಿರಸಿ ತಾಲ್ಲೂಕಿನ ಭೈರುಂಬೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಯಕ್ಷಗಾನದ ಹನುಮಂತ ರಂಗಸ್ಥಳಕ್ಕೆ ಒಂದು ಸುತ್ತು ಹಾಕಿದರೆ ಸಮುದ್ರ ದಾಟಿದಂತಾಯಿತು. ಚಂಡೆ ಜೋರಾಗುತ್ತದೆ, ಭಾಗವತರ ಪದ ಏರುತ್ತದೆ, ಲಂಕೆ ಬಂದೇ ಬಿಡುತ್ತದೆ. ನೂರು ಯೋಜನವನ್ನು ಹತ್ತು ಹೆಜ್ಜೆಯಲ್ಲಿ ದಾಟಿದ್ದು ಹೇಗೆಂದು ಚಾಪೆಯ ಮೇಲೆ ಕುಳಿತವರು ಯಾರೂ ಕೇಳುವುದಿಲ್ಲ. ಅದು ಆಟದ ನಿಯಮ. ಬೆಳಗಾದ ಮೇಲೆ ಮನೆಗೆ ಹೋಗಲು ಮಾತ್ರ ಎಲ್ಲರೂ ನಡೆದೇ ಹೋಗುತ್ತಾರೆ.

ಈಗಿನ ಮಕ್ಕಳ ರಂಗಸ್ಥಳ ಅಂಗೈಯಗಲದ ಮೊಬೈಲ್ ಪರದೆ. ಅಲ್ಲಿಯೂ ವೀರರು ಹಾರುತ್ತಾರೆ, ಗೋಡೆಯೊಳಗೆ ನುಗ್ಗಿ ಇನ್ನೆಲ್ಲೋ ಹೊರಬರುತ್ತಾರೆ. ಜಪಾನಿನ ನಿಂಟೆಂಡೊ ಕಂಪನಿಯು 1985ರಲ್ಲಿ ತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ನಾಯಕನು ನೆಗೆದ ಮೇಲೆ ಗಾಳಿಯಲ್ಲೇ ದಿಕ್ಕು ಬದಲಿಸಬಲ್ಲ. ಇದೆಲ್ಲ ನಿಜವಾಗಿ ಸಾಧ್ಯವೇ ಎಂದು ಮಕ್ಕಳು ಕೇಳಿದರೆ ದೊಡ್ಡವರು ‘ಅದೆಲ್ಲ ಸುಳ್ಳು’ ಎಂದು ಬಾಯಿ ಮುಚ್ಚಿಸುವುದುಂಟು. ಅದು ತಪ್ಪು. ಆ ಪ್ರಶ್ನೆ ಭೌತಶಾಸ್ತ್ರದ ಬಾಗಿಲು.

ಮೊದಲು ಬೀಳುವ ವಿಷಯ. ಹದಿನೈದು ಮೀಟರ್ ಎತ್ತರದ ಅಡಿಕೆ ಮರದಿಂದ ಜಾರಿ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್. ಆದರೆ ಪೆಟ್ಟಾಗುವುದು ವೇಗದಿಂದಲ್ಲ, ವೇಗ ಎಷ್ಟು ದೂರದಲ್ಲಿ ನಿಂತಿತು ಎಂಬುದರಿಂದ. ಹದಿನೈದು ಮೀಟರ್‌ನಲ್ಲಿ ಗಳಿಸಿದ ವೇಗ ಹದಿನೈದು ಸೆಂಟಿಮೀಟರ್‌ನಲ್ಲಿ ನಿಂತರೆ ದೇಹದ ಮೇಲೆ ಬೀಳುವ ಬಲ ಅದರ ತೂಕದ ಸುಮಾರು ನೂರು ಪಟ್ಟು. ಆಟದ ವೀರನು ಮಾಳಿಗೆಯಿಂದ ಧುಮುಕಿ ಓಡಿಹೋಗುತ್ತಾನೆ, ಅವನಿಗೆ ಮೂಳೆಗಳಿಲ್ಲ. ಕೊನೆಗೌಡನು ಕೊನೆಯನ್ನು ಮೇಲಿನಿಂದ ಎಸೆಯದೆ ಹಗ್ಗದ ಮೇಲೆ ಜಾರಿಸಿ ಬಿಡುವುದರ ಹಿಂದೆಯೂ ಇದೇ ಶಾಸ್ತ್ರವಿದೆ. ವೇಗವನ್ನು ದೀರ್ಘ ದಾರಿಯಲ್ಲಿ ತಗ್ಗಿಸಿದರೆ ಕಾಯಿ ಉದುರುವುದಿಲ್ಲ.

ಇನ್ನು ಹಾರುವ ವಿಷಯ. ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡು ಮೇಲೇರುವ ವೀರರು ಅನೇಕ ಆಟಗಳಲ್ಲಿದ್ದಾರೆ. ಮನುಷ್ಯ ಮತ್ತು ಪೆಟ್ಟಿಗೆ ಸೇರಿ ನೂರು ಕಿಲೋ ಎಂದಿಟ್ಟುಕೊಳ್ಳಿ. ನ್ಯೂಟನ್ನನ ಮೂರನೆಯ ನಿಯಮದಂತೆ ಮೇಲೆ ನಿಲ್ಲಬೇಕಾದರೆ ಗಾಳಿಯನ್ನು ಕೆಳಗೆ ತಳ್ಳಲೇಬೇಕು. ಇದಕ್ಕೆ ಎರಡು ದಾರಿ. ಬಾಯಿ ಒಂದು ಚದರ ಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 35 ಕಿಲೋ ಗಾಳಿಯನ್ನು ಸೆಕೆಂಡಿಗೆ 29 ಮೀಟರ್ ವೇಗದಲ್ಲಿ ತಳ್ಳಿದರೆ ಸಾಕು. ಬಾಯಿ ಅದರ ನೂರನೆಯ ಒಂದು ಪಾಲಾದರೆ, ಅಂದರೆ ಬರೀ ಅಂಗೈಯಷ್ಟಿದ್ದರೆ, ಮೂರೂವರೆ ಕಿಲೋ ಗಾಳಿಯನ್ನು 290 ಮೀಟರ್ ವೇಗದಲ್ಲಿ ತಳ್ಳಬೇಕು. ಎತ್ತುವ ಬಲ ಎರಡರಲ್ಲೂ ಒಂದೇ. ಖರ್ಚು ಒಂದೇ ಅಲ್ಲ. ಮೊದಲನೆಯದಕ್ಕೆ ಸುಮಾರು ಇಪ್ಪತ್ತು ಅಶ್ವಶಕ್ತಿ ಸಾಕಾದರೆ ಎರಡನೆಯದಕ್ಕೆ ಸುಮಾರು ಇನ್ನೂರು ಅಶ್ವಶಕ್ತಿ ಬೇಕು. ತೋಟದ ಐದು ಅಶ್ವಶಕ್ತಿಯ ಪಂಪ್‌ಸೆಟ್ ನಲವತ್ತನ್ನು ಬೆನ್ನಿಗೆ ಕಟ್ಟಿಕೊಂಡಂತೆ! ಇದು ಯಂತ್ರದೊಳಗಿನ ನಷ್ಟವನ್ನು ಸೇರಿಸದ ಲೆಕ್ಕ.

ಹೆಲಿಕಾಪ್ಟರಿನ ರೆಕ್ಕೆ ಅಷ್ಟು ಉದ್ದವೇಕೆ, ಔಷಧ ಸಿಂಪಡಿಸುವ ಡ್ರೋನು ತನ್ನ ಪಂಖಗಳನ್ನು ಅಷ್ಟು ಅಗಲಕ್ಕೆ ಚಾಚಿಕೊಳ್ಳುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳುವುದೇ ಲಾಭ. ಅಮೆರಿಕದ ಬೆಲ್ ಕಂಪನಿಯವರು 1961ರಲ್ಲಿ ಬೆನ್ನಿಗೆ ಕಟ್ಟುವ ರಾಕೆಟ್ಟನ್ನು ನಿಜವಾಗಿಯೂ ಹಾರಿಸಿದರು. ಆದರೆ ಅದರ ಇಂಧನ ಸುಮಾರು ಇಪ್ಪತ್ತು ಸೆಕೆಂಡಿಗೆ ಮುಗಿಯುತ್ತಿತ್ತು. ಕಲ್ಪನೆ ಸುಳ್ಳಾಗಿರಲಿಲ್ಲ, ಬುತ್ತಿ ಸಾಲಲಿಲ್ಲ.

ಮೂರನೆಯದು ಇನ್ನೂ ಸ್ವಾರಸ್ಯಕರ. 2007ರಲ್ಲಿ ಬಂದ ‘ಪೋರ್ಟಲ್’ ಎಂಬ ಆಟದಲ್ಲಿ ಒಂದು ಬಂದೂಕಿದೆ. ಅದು ಗೋಡೆಯಲ್ಲಿ ಎರಡು ಬಾಗಿಲು ತೆರೆಯುತ್ತದೆ. ಒಂದರಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಬರಬಹುದು. ಹಳ್ಳದ ತಳದಲ್ಲಿ ಒಂದು ಬಾಗಿಲು, ಗುಡ್ಡದ ನೆತ್ತಿಯಲ್ಲಿ ಇನ್ನೊಂದು ಬಾಗಿಲು ಇಟ್ಟರೆ ಏನಾಗುತ್ತದೆ? ಬಿದ್ದ ನೀರು ಮತ್ತೆ ಮೇಲಿನಿಂದ ಬೀಳುತ್ತದೆ. ನಡುವೆ ಒಂದು ಚಕ್ರವಿಟ್ಟರೆ ಖರ್ಚಿಲ್ಲದೆ ಎಂದೆಂದಿಗೂ ವಿದ್ಯುತ್ತು! ಹಾಗಿದ್ದರೆ ಕಾಳಿ, ಶರಾವತಿಗಳಿಗೆ ಅಣೆಕಟ್ಟೇ ಬೇಕಿರಲಿಲ್ಲ. ಶಕ್ತಿಯನ್ನು ಇಲ್ಲದಲ್ಲಿಂದ ಹುಟ್ಟಿಸಲಾಗದು ಎಂಬ ನಿಯಮ ಇದಕ್ಕೆ ಅಡ್ಡ ನಿಲ್ಲುತ್ತದೆ. ಅಂಥ ಬಾಗಿಲಿದ್ದರೂ ನೀರನ್ನು ಮೇಲಕ್ಕೆ ದಾಟಿಸುವಾಗ ಅಷ್ಟೇ ಶಕ್ತಿಯನ್ನು ಸುಂಕವಾಗಿ ತೆರಬೇಕಾದೀತು. ನಿಜ ಲೋಕದಲ್ಲಿ ಆ ಸುಂಕವನ್ನು ಕಟ್ಟುತ್ತಿರುವವನು ಸೂರ್ಯ. ಕಡಲ ನೀರನ್ನು ಆವಿಮಾಡಿ ಮೇಲೆತ್ತಿ ಮಳೆಗಾಲದಲ್ಲಿ ಸಹ್ಯಾದ್ರಿಯ ನೆತ್ತಿಯ ಮೇಲೆ ಸುರಿಸುವವನು ಅವನೇ.

ಆಟದ ಯಂತ್ರಕ್ಕೆ ಇಷ್ಟೆಲ್ಲ ಲೆಕ್ಕ ಬೇಕೇ ಎಂದು ಯಾರಾದರೂ ಕೇಳಬಹುದು. ಆಟ ಆಟವೆಂದು ಒಪ್ಪಿಕೊಂಡಿರುವಾಗ ಬೇಡ. ಕಲ್ಪನೆಯು ಚರಿತ್ರೆಯ ವೇಷ ತೊಟ್ಟು ಬಂದಾಗ ಮಾತ್ರ ಬೇಕೇ ಬೇಕು. ಇದಕ್ಕೆ ಕರ್ನಾಟಕದಲ್ಲಿಯೇ ಒಂದು ಒಳ್ಳೆಯ ಉದಾಹರಣೆ ಇದೆ.

ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಸಂಸ್ಕೃತ ಶ್ಲೋಕಗಳನ್ನು ಹೇಳಿ ಬರೆಯಿಸಿದರು. ಅದೇ ‘ವೈಮಾನಿಕ ಶಾಸ್ತ್ರ’. ಅದರ ಮೂಲ ಭರದ್ವಾಜ ಮಹರ್ಷಿಗಳದ್ದೆಂದು ಹೇಳಲಾಯಿತು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವಿವರ ಅದರಲ್ಲಿದೆ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಕ್ಷೆಗಾರರಾಗಿದ್ದ ಎಲ್ಲಪ್ಪ ಅವರು ಅವುಗಳ ಚಿತ್ರ ಬರೆದರು. ಮೈಸೂರಿನ ಜಿ.ಆರ್. ಜೋಸ್ಯರ್ ಅವರು 1973ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಇದನ್ನು ಪ್ರಕಟಿಸಿದರು.

ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಇದರ ಮೇಲೊಂದು ವಿಮರ್ಶಾತ್ಮಕ ಅಧ್ಯಯನ ಪ್ರಕಟಿಸಿದರು. ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್.ಪಿ. ಗೋವಿಂದರಾಜು ಆ ಐವರು. ಅವರು ನಗಲಿಲ್ಲ, ಕೈಮುಗಿದು ಸುಮ್ಮನೂ ಆಗಲಿಲ್ಲ. ಇತರ ಯಾವುದೇ ಯಂತ್ರಕ್ಕೆ ಕೇಳುವ ಪ್ರಶ್ನೆಗಳನ್ನೇ ಇದಕ್ಕೂ ಕೇಳಿದರು. ತೂಕವೆಷ್ಟು? ಎತ್ತುವ ಬಲ ಎಲ್ಲಿಂದ? ಮುಂದೆ ನೂಕುವುದು ಯಾವುದು? ಶ್ಲೋಕ ಹೇಳುವುದಕ್ಕೂ ಚಿತ್ರ ತೋರಿಸುವುದಕ್ಕೂ ತಾಳೆಯಾಗುತ್ತದೆಯೇ? ಭಾಷೆ ಯಾವ ಕಾಲದ್ದು?

ಉತ್ತರ ಸ್ಪಷ್ಟವಾಗಿತ್ತು. ಅವುಗಳಲ್ಲಿ ಒಂದೂ ಹಾರುವಂಥದ್ದಲ್ಲ. ಗಾಳಿಗಿಂತ ಭಾರವಾದ ವಸ್ತು ಹೇಗೆ ಹಾರುತ್ತದೆ ಎಂಬ ತಿಳಿವಳಿಕೆಯೇ ಗ್ರಂಥದಲ್ಲಿಲ್ಲ. ನೂಕಬೇಕಾದ ಏರ್ಪಾಡುಗಳು ಹಾರಾಟಕ್ಕೆ ಅಡ್ಡಿಯಾಗುವಂತಿವೆ. ಭಾಷೆ ವೇದಕಾಲದ್ದಲ್ಲ, ಇಪ್ಪತ್ತನೆಯ ಶತಮಾನದ ಆರಂಭದ್ದು. ಆ ಹೊತ್ತಿಗೆ ರೈಟ್ ಸಹೋದರರು 1903ರಲ್ಲಿ ಹಾರಿ ಆಗಿತ್ತು.

ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. 2015ರ ಜನವರಿಯಲ್ಲಿ ಮುಂಬೈನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ವೇದಿಕೆಯಲ್ಲಿ ಪ್ರಾಚೀನ ವಿಮಾನಗಳ ಮಾತು ಮತ್ತೆ ಕೇಳಿಬಂತು. ನಲವತ್ತು ವರ್ಷ ಹಿಂದೆಯೇ ಬೆಂಗಳೂರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದನ್ನು ಮರೆತದ್ದಕ್ಕೆ ದೇಶ ತೆತ್ತ ಬೆಲೆ ಅದು. ನಷ್ಟವಾದದ್ದು ಯಾರಿಗೆ? ಆರ್ಯಭಟ, ಭಾಸ್ಕರಾಚಾರ್ಯರ ನಿಜವಾದ ಲೆಕ್ಕಗಳಿಗೆ. ಸುಳ್ಳು ನಾಣ್ಯ ಬೆರೆತ ಚೀಲದಲ್ಲಿ ಒಳ್ಳೆಯ ನಾಣ್ಯವನ್ನೂ ಜನ ಅನುಮಾನದಿಂದ ನೋಡುತ್ತಾರೆ.

ಪುಷ್ಪಕ ವಿಮಾನ ಕಾವ್ಯದಲ್ಲಿ ಹಾರಲಿ. ಅದಕ್ಕೆ ಇಂಧನ ಬೇಡ, ಕವಿಯ ಪ್ರತಿಭೆ ಸಾಕು. ಲೆಕ್ಕ ಹಾಕುವುದರಿಂದ ಕಾವ್ಯಕ್ಕೆ ಅವಮಾನವಿಲ್ಲ. ಕಾವ್ಯವನ್ನು ಕಾರ್ಖಾನೆಯ ನಕ್ಷೆ ಎಂದು ಹೇಳುವುದರಿಂದಲೇ ಅವಮಾನ. ಮಕ್ಕಳು ಆಟವಾಡಲಿ, ಆಟ ಮುಗಿದ ಮೇಲೆ ‘ಎಷ್ಟು ತೂಕ, ಎಷ್ಟು ವೇಗ, ಶಕ್ತಿ ಎಲ್ಲಿಂದ’ ಎಂಬ ಮೂರು ಪ್ರಶ್ನೆ ಕೇಳಲಿ. ಕಾಗದ, ಪೆನ್ಸಿಲ್ ಇದ್ದರೆ ಅಡಿಕೆ ಚಪ್ಪರದ ಕೆಳಗೆ ಕುಳಿತೇ ಉತ್ತರ ಹುಡುಕಬಹುದು. ಆ ಮೂರು ಪ್ರಶ್ನೆಗಳನ್ನು ಇಂದು ಆಟದ ಬಂದೂಕಿಗೆ ಕೇಳಲು ಕಲಿತ ಮಗು, ನಾಳೆ ದೊಡ್ಡ ವೇದಿಕೆಯ ದೊಡ್ಡ ಮಾತಿಗೂ ಅವನ್ನೇ ಕೇಳೀತು.